ರಾಫ್ಟಿನ ಕೊನೆಯ ಸೀಟು ಮತ್ತು ಹ್ಯಾಸ್ಕೆಲ್

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ನೀರಿಗೆ ಹೊತ್ತುಗೊತ್ತು ಇದೆ, ರಾಫ್ಟಿಗೆ ಸೀಟಿನ ಮಿತಿ ಇದೆ. ಶನಿವಾರ ಬೆಳಗಿನ ರಾಫ್ಟಿನಲ್ಲಿ ಒಂದೇ ಸೀಟು ಉಳಿದಿದೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಕೂತ ಒಬ್ಬರು, ಪಣಜಿಯಲ್ಲಿ ಕೂತ ಇನ್ನೊಬ್ಬರು ಒಂದೇ ಗಳಿಗೆಯಲ್ಲಿ ಮೊಬೈಲಿನ ‘ಬುಕ್’ ಗುಂಡಿ ಒತ್ತುತ್ತಾರೆ. ಸರ್ವರ್ ಮೊದಲನೆಯವರಿಗಾಗಿ ಸೀಟಿನ ಲೆಕ್ಕ ಓದುತ್ತದೆ: ಒಂದು. ಅದನ್ನು ಕಳೆದು ಬರೆಯುವಷ್ಟರಲ್ಲಿ ಎರಡನೆಯವರಿಗಾಗಿಯೂ ಓದುತ್ತದೆ: ಆಗಲೂ ಒಂದು. ಇಬ್ಬರಿಗೂ ಟಿಕೆಟ್ ಹೋಗುತ್ತದೆ. ಮರುದಿನ ಹೊಳೆ ದಂಡೆಯಲ್ಲಿ ಜಗಳ ಬಿಡಿಸುವವನು ಪ್ರೋಗ್ರಾಂ ಬರೆದವನಲ್ಲ, ಲೈಫ್ ಜಾಕೆಟ್ ಹಂಚುತ್ತಿರುವ ಸ್ಥಳೀಯ ಹುಡುಗ.

ಈ ತೊಂದರೆ ಕಂಪ್ಯೂಟರ್ ಲೋಕಕ್ಕೆ ಹೊಸದಲ್ಲ. ಸಾಮಾನ್ಯವಾಗಿ ಹೇಳಿಕೊಡುವ ಮದ್ದು ಬೀಗ. ಸೀಟಿನ ಲೆಕ್ಕಕ್ಕೆ ಒಂದು ಬೀಗ ಹಾಕು, ಒಬ್ಬ ಒಳಗಿದ್ದಾಗ ಇನ್ನೊಬ್ಬ ಹೊರಗೆ ಕಾಯಲಿ. ಒಂದೇ ಲೆಕ್ಕವಿದ್ದಾಗ ಇದು ನಡೆಯುತ್ತದೆ. ಆದರೆ ದಾಂಡೇಲಿ ಕಡೆಗೆ ಬರುವವರು ಬರೀ ರಾಫ್ಟ್ ಕೇಳುವುದಿಲ್ಲ, ಅದೇ ರಾತ್ರಿಗೆ ಜೋಯಿಡಾದಲ್ಲಿ ಹೋಮ್‌ಸ್ಟೇ ಕೋಣೆಯನ್ನೂ ಕೇಳುತ್ತಾರೆ. ಎರಡೂ ಸಿಗಬೇಕು, ಒಂದು ಸಿಗದಿದ್ದರೆ ಇನ್ನೊಂದೂ ಬೇಡ. ಈಗ ಬೀಗಗಳು ಎರಡಾದವು. ಒಬ್ಬನ ವ್ಯವಹಾರ ರಾಫ್ಟಿನ ಬೀಗ ಹಿಡಿದು ಕೋಣೆಗಾಗಿ ಕಾಯುತ್ತದೆ, ಇನ್ನೊಬ್ಬನದು ಕೋಣೆಯ ಬೀಗ ಹಿಡಿದು ರಾಫ್ಟಿಗಾಗಿ ಕಾಯುತ್ತದೆ. ಇಬ್ಬರೂ ಬಿಡುವುದಿಲ್ಲ, ಇಬ್ಬರಿಗೂ ಸಿಗುವುದಿಲ್ಲ, ಸರ್ವರ್ ಮರಗಟ್ಟಿ ನಿಲ್ಲುತ್ತದೆ. ಸರಿಯಾಗಿ ಕೆಲಸ ಮಾಡುವ ಎರಡು ತುಣುಕುಗಳನ್ನು ಜೋಡಿಸಿದ ಮಾತ್ರಕ್ಕೆ ಇಡೀ ಪ್ರೋಗ್ರಾಂ ತಪ್ಪಾಗುತ್ತದೆ. ಬೀಗಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಬೇರೆಯೇ ದಾರಿಯಿದೆ. 2005ರಲ್ಲಿ ಟಿಮ್ ಹ್ಯಾರಿಸ್, ಸೈಮನ್ ಮಾರ್ಲೋ, ಸೈಮನ್ ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ ಸೇರಿ ಬರೆದ ಪ್ರಬಂಧದಿಂದ ಅದು ಬಂತು. ಹೆಸರು ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿ, ಬಳಸುವವರ ಬಾಯಲ್ಲಿ ಎಸ್‌ಟಿಎಂ. ಇಲ್ಲಿ ಬೀಗವನ್ನು ಪ್ರೋಗ್ರಾಮರ್ ಮುಟ್ಟುವುದೇ ಇಲ್ಲ. ‘ಸೀಟು ಓದು, ಸೊನ್ನೆಯಾಗಿದ್ದರೆ ಕಾಯಿ, ಇಲ್ಲದಿದ್ದರೆ ಒಂದು ಕಳೆ’ ಎಂದು ಒಂದು ವ್ಯವಹಾರ ಬರೆಯುತ್ತಾನೆ. ಕೋಣೆಗೆ ಅಂಥದ್ದೇ ಇನ್ನೊಂದು. ಎರಡನ್ನೂ ಒಂದರ ಕೆಳಗೊಂದು ಇಟ್ಟು ಮೇಲೆ ‘ಅಟಾಮಿಕಲಿ’ ಎಂದು ಬರೆದರೆ ಮುಗಿಯಿತು. ಪ್ರತಿ ವ್ಯವಹಾರವೂ ತಾನು ಓದಿದ್ದನ್ನೂ ಬರೆಯಬೇಕೆಂದಿರುವುದನ್ನೂ ಮೊದಲು ತನ್ನದೇ ಖಾಸಗಿ ಚೀಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಕೊನೆಗೆ, ತಾನು ಓದಿದ ಲೆಕ್ಕಗಳು ಅಷ್ಟರೊಳಗೆ ಬದಲಾಗಿವೆಯೇ ಎಂದು ತಾಳೆ ನೋಡುತ್ತದೆ. ಬದಲಾಗಿಲ್ಲವಾದರೆ ಎಲ್ಲವನ್ನೂ ಒಂದೇ ಏಟಿಗೆ ಬರೆಯುತ್ತದೆ. ಬದಲಾಗಿದ್ದರೆ ಚೀಟಿ ಹರಿದು ಮೊದಲಿನಿಂದ ಶುರು. ಕೋಣೆ ಸಿಕ್ಕಿ ರಾಫ್ಟ್ ತಪ್ಪಿತು ಎನ್ನುವ ಅರೆಬರೆ ಸ್ಥಿತಿ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಜೊತೆಗೆ ಎರಡು ಪುಟ್ಟ ಪದಗಳಿವೆ. ‘ರಿಟ್ರೈ’ ಎಂದರೆ ಸೀಟು ಇಲ್ಲ, ಕಾಯುತ್ತೇನೆ ಎಂದು. ಇದು ಸುಮ್ಮನೆ ಮತ್ತೆ ಮತ್ತೆ ಕೇಳುತ್ತಾ ಕಂಪ್ಯೂಟರನ್ನು ದಣಿಸುವುದಿಲ್ಲ. ತಾನು ಓದಿದ ಲೆಕ್ಕದಲ್ಲಿ ಯಾವುದಾದರೂ ಬದಲಾದಾಗ ಮಾತ್ರ, ಅಂದರೆ ಯಾರಾದರೂ ಟಿಕೆಟ್ ರದ್ದು ಮಾಡಿದಾಗ, ಏಳುತ್ತದೆ. ‘ಆರ್‌ಎಲ್ಸ್’ ಎಂದರೆ ಬೆಳಗಿನ ರಾಫ್ಟ್ ಆಗದಿದ್ದರೆ ಮಧ್ಯಾಹ್ನದ್ದು. ಪೂರ್ತಿ ಸೀಟು ಹಂಚಿಕೆಯ ತರ್ಕ ಹತ್ತು ಹನ್ನೆರಡು ಸಾಲಿನಲ್ಲಿ ಮುಗಿಯುತ್ತದೆ, ಓದಿದರೆ ಅರ್ಥವಾಗುವಂತೆಯೂ ಇರುತ್ತದೆ. ಒಂದು ಮಾತು ಮರೆಯಬಾರದು: ಇದು ಒಂದೇ ಯಂತ್ರದ ಒಂದೇ ಪ್ರೋಗ್ರಾಮಿನ ನೆನಪಿಗೆ ಸಂಬಂಧಿಸಿದ ಏರ್ಪಾಡು. ಹಲವು ಸರ್ವರ್‌ಗಳಿದ್ದರೆ ಡೇಟಾಬೇಸ್ ಬೇಕೇ ಬೇಕು.

ಇಷ್ಟು ಒಳ್ಳೆಯದಾಗಿದ್ದರೆ ಎಲ್ಲ ಭಾಷೆಗಳೂ ಇದನ್ನು ಎತ್ತಿಕೊಳ್ಳಬಾರದೇ? ಮೈಕ್ರೊಸಾಫ್ಟ್ ತನ್ನ ಡಾಟ್‌ನೆಟ್‌ಗೆ ಇದನ್ನು ತರಲು 2009ರ ಸುಮಾರಿಗೆ ಪ್ರಯೋಗದ ಆವೃತ್ತಿಯನ್ನೇ ಹೊರತಂದು, ಮರುವರ್ಷ ಕೈಬಿಟ್ಟಿತು. ತೊಡಕು ಎಲ್ಲಿದೆಯೆಂದರೆ, ವ್ಯವಹಾರ ಹಲವು ಸಲ ಮರುಕಳಿಸಬಹುದು. ಅದರ ನಡುವೆ ಗಿರಾಕಿಗೆ ಎಸ್‌ಎಂಎಸ್ ಕಳಿಸುವ ಸಾಲೊಂದು ಸೇರಿಕೊಂಡಿದ್ದರೆ? ಚೀಟಿ ಹರಿದು ಹಾಕಬಹುದು, ಹೋದ ಎಸ್‌ಎಂಎಸ್ ಹಿಂದಕ್ಕೆ ಬಾರದು. ಹೆಚ್ಚಿನ ಭಾಷೆಗಳಲ್ಲಿ ಯಾವ ಸಾಲು ಹೊರಜಗತ್ತನ್ನು ಮುಟ್ಟುತ್ತದೆ, ಯಾವುದು ಬರೀ ಲೆಕ್ಕ ಮಾಡುತ್ತದೆ ಎಂಬುದು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ತಿಳಿಯುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ತಿಳಿಯುತ್ತದೆ. ಹೊರಗಿನ ಕೆಲಸಕ್ಕೆ ಐಒ ಎಂಬ ಟೈಪಿನ ಮುದ್ರೆ, ಲೆಕ್ಕದ ವ್ಯವಹಾರಕ್ಕೆ ಎಸ್‌ಟಿಎಂ ಎಂಬ ಮುದ್ರೆ. ಎಸ್‌ಟಿಎಂ ಒಳಗೆ ಐಒ ತುರುಕಿದರೆ ಪ್ರೋಗ್ರಾಂ ಕಂಪೈಲ್ ಆಗದು.

ಶುದ್ಧತೆ ಎಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಮಂದಿ ಹೇಳುವುದು ಇದನ್ನೇ. ಒಂದು ಫಂಕ್ಷನ್‌ಗೆ ಅದೇ ಇನ್‌ಪುಟ್ ಕೊಟ್ಟರೆ ಯಾವಾಗಲೂ ಅದೇ ಉತ್ತರ ಬರಬೇಕು, ಕದ್ದುಮುಚ್ಚಿ ಇನ್ನೇನನ್ನೂ ಬದಲಿಸಬಾರದು. ಬದಲಿಸುವುದಿದ್ದರೆ ಅದನ್ನು ಟೈಪಿನಲ್ಲಿ ಬರೆದು ಒಪ್ಪಿಕೊಂಡಿರಬೇಕು. ಹೊಸಬರನ್ನು ಹೆದರಿಸುವ ‘ಮೊನಾಡ್’ ಕೂಡ, ಇಂಥ ಮುದ್ರೆಯಿರುವ ಕೆಲಸಗಳನ್ನು ಒಂದಾದ ಮೇಲೊಂದು ಪೋಣಿಸುವ ಕ್ರಮ, ಅಷ್ಟೇ. ಅದರ ಹಿಂದಿನ ಗಣಿತ ಆಳವಾದದ್ದು. ಆದರೆ ಬಳಸಲು ಕಲಿಯುವುದಕ್ಕೆ ಒಂದು ಸೆಮಿಸ್ಟರ್ ಸಾಕು.

ಈ ಭಾಷೆಗೆ ಇಟ್ಟಿರುವುದು ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು. ಬೇರು ಇನ್ನೂ ಹಿಂದಿನದು, 1930ರ ದಶಕದಲ್ಲಿ ಅಲೋಂಜೊ ಚರ್ಚ್ ಕಟ್ಟಿದ ಲ್ಯಾಂಬ್ಡಾ ಕ್ಯಾಲ್ಕುಲಸ್. 1987ರಲ್ಲಿ ಪೋರ್ಟ್‌ಲ್ಯಾಂಡ್‌ನ ಸಮ್ಮೇಳನವೊಂದರಲ್ಲಿ ಸೇರಿದ ಸಂಶೋಧಕರು, ತಮ್ಮ ತಮ್ಮ ಪ್ರಯೋಗದ ಭಾಷೆಗಳನ್ನು ಬಿಟ್ಟು ಎಲ್ಲರಿಗೂ ಒಂದು ಸಮಾನ ಭಾಷೆ ಬೇಕೆಂದು ತೀರ್ಮಾನಿಸಿದರು. ಮೊದಲ ವರದಿ 1990ರಲ್ಲಿ ಬಂತು. ಅದನ್ನು ರೂಪಿಸಿದ ಸಮಿತಿಯಲ್ಲಿ ಭಾರತ ಮೂಲದ ಇಬ್ಬರಿದ್ದರು: ಎಂಐಟಿಯ ಪ್ರಾಧ್ಯಾಪಕ ಅರವಿಂದ್ ಮತ್ತು ರಿಷಿಯೂರ್ ನಿಖಿಲ್. ಮುಂದೆ ಇವರ ಬಳಗದಿಂದಲೇ ಚಿಪ್ ವಿನ್ಯಾಸಕ್ಕಾಗಿ ಬ್ಲೂಸ್ಪೆಕ್ ಎಂಬ ಭಾಷೆ ಬಂತು. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್‌ಗಳ ವಿನ್ಯಾಸ ಬರೆದಿರುವುದು ಆ ಭಾಷೆಯಲ್ಲಿ. ಹ್ಯಾಸ್ಕೆಲ್ ದೂರದ ದೇಶದ ವಿಶ್ವವಿದ್ಯಾಲಯಗಳ ಆಟಿಕೆ ಎನ್ನುವವರಿಗೆ ಇದು ತಿಳಿದಿರಲಿ.

ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲಿದೆ. 2022ರ ನವೆಂಬರ್‌ನಲ್ಲಿ ಆಟೊ ಚಾಲಕರ ಸಂಘದ ಜೊತೆಗೂಡಿ ಶುರುವಾದ ‘ನಮ್ಮ ಯಾತ್ರಿ’ ಆ್ಯಪ್ ಅನ್ನು ಕಟ್ಟಿದ್ದು ಜಸ್‌ಪೇ ಕಂಪನಿ. ಸವಾರಿಯ ಹಣದಲ್ಲಿ ಕಮಿಷನ್ ಕಡಿಯದ ಆ್ಯಪ್ ಎಂದು ಅದು ಸುದ್ದಿಯಾಯಿತು. ಅದರ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ ಎಂಬುದು ಸುದ್ದಿಯಾಗಲಿಲ್ಲ. ಮೊಬೈಲಿನ ಭಾಗವನ್ನು ಬರೆದದ್ದು ಹ್ಯಾಸ್ಕೆಲ್‌ನ ತಂಗಿಯಂತಿರುವ ಪ್ಯೂರ್‌ಸ್ಕ್ರಿಪ್ಟ್‌ನಲ್ಲಿ. ಸವಾರಿ ಕೇಳಿದವರು, ಒಪ್ಪಿದ ಚಾಲಕ, ರದ್ದಾದ ಸವಾರಿ, ಬದಲಾಗುವ ದರ, ಎಲ್ಲವೂ ಅದರಲ್ಲಿ ಟೈಪುಗಳಾಗಿ ಕೂತಿವೆ. ಕೋಡ್ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿದೆ. ಬೆಂಗಳೂರಿನ ರಸ್ತೆಯಲ್ಲಿ ನಿತ್ಯ ಓಡುವ ವ್ಯವಸ್ಥೆಯೊಂದರ ಹೊಟ್ಟೆಯೊಳಗೆ ಏನಿದೆ ಎಂದು ಹಳಿಯಾಳದ ಹಾಸ್ಟೆಲಿನಲ್ಲಿ ಕೂತು ಓದಬಹುದು. ಇಂಥ ಅವಕಾಶ ಹಿಂದಿನ ಪೀಳಿಗೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇರಲಿಲ್ಲ.

ಹಳಿಯಾಳ ಎಂದಮೇಲೆ ಕಬ್ಬಿನ ಮಾತು ಬಾರದೆ ಇರದು. ಕಬ್ಬಿನ ನ್ಯಾಯ ಮತ್ತು ಲಾಭದಾಯಕ ಬೆಲೆಯನ್ನು ಕೇಂದ್ರ ಸರ್ಕಾರ ಘೋಷಿಸುವುದು ಕ್ವಿಂಟಲ್ ಲೆಕ್ಕದಲ್ಲಿ. 2024–25ರ ಹಂಗಾಮಿಗೆ ಅದು 340 ರೂಪಾಯಿ ಇತ್ತು. ರೈತರು ಮಾತಾಡುವುದು, ಹೋರಾಟ ಮಾಡುವುದು ಟನ್ ಲೆಕ್ಕದಲ್ಲಿ. ತೂಕದ ಸಾಫ್ಟ್‌ವೇರಿನಲ್ಲಿ ಎರಡೂ ಬರೀ ಸಂಖ್ಯೆಗಳಾದರೆ ಯಾವನೋ ಒಬ್ಬ ಪ್ರೋಗ್ರಾಮರ್ ಟನ್ನಿನ ಜಾಗದಲ್ಲಿ ಕ್ವಿಂಟಲ್ ಇಟ್ಟುಬಿಡಬಹುದು, ಕಂಪ್ಯೂಟರ್ ತುಟಿಪಿಟಕ್ಕೆನ್ನದೆ ಗುಣಿಸಿಬಿಡುತ್ತದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾದದ್ದು ಇಂಥದೇ ಗಲಿಬಿಲಿಯಿಂದ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡಿನ ಲೆಕ್ಕ ಕೊಟ್ಟಿತ್ತು, ಇನ್ನೊಂದು ಕಡೆಯದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಹ್ಯಾಸ್ಕೆಲ್‌ನಲ್ಲಿ ‘ನ್ಯೂಟೈಪ್’ ಎಂಬ ಒಂದು ಸಾಲಿನಲ್ಲಿ ಕ್ವಿಂಟಲ್ ಬೇರೆ, ಟನ್ ಬೇರೆ ಎಂದು ಸಾರಬಹುದು. ಒಳಗಿರುವುದು ಅದೇ ಸಂಖ್ಯೆ, ಪ್ರೋಗ್ರಾಂ ಓಡುವಾಗ ಕವಡೆಯಷ್ಟೂ ಹೆಚ್ಚು ಖರ್ಚಿಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಂಪೈಲರ್ ಒಪ್ಪುವುದಿಲ್ಲ.

ಇಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ ಹೋದರೆ ಮುಂದುವರಿದ ಸೌಲಭ್ಯಗಳ ಸೀಮೆ ಶುರುವಾಗುತ್ತದೆ. ಕಬ್ಬಿನ ಗಾಡಿಗೆ ಎರಡು ತೂಕ. ತುಂಬಿದ ಗಾಡಿಯ ತೂಕ ಮೊದಲು, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ. ಎರಡರ ವ್ಯತ್ಯಾಸಕ್ಕೆ ಬಿಲ್. ಎರಡನೆಯ ತೂಕ ಆಗದೆ ಬಿಲ್ ಹೊರಡಕೂಡದು. ಮಾಮೂಲಿ ಪ್ರೋಗ್ರಾಮಿನಲ್ಲಿ ಇದನ್ನು ಕಾಯುವುದು ಒಂದು ‘ಇಫ್’ ಸಾಲು. ಆ ಸಾಲು ಬರೆಯಲು ಮರೆತರೆ ಗೊತ್ತಾಗುವುದು ರೈತ ತಕರಾರು ತಂದಾಗ. 2005ರಲ್ಲಿ ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರಿಗೆ ಸೇರಿದ ಜಿಎಡಿಟಿ ಮತ್ತು 2012ರಲ್ಲಿ ಬಂದ ಡೇಟಾಕೈಂಡ್ಸ್ ಎಂಬ ಸೌಲಭ್ಯಗಳಿಂದ ಗಾಡಿಯ ಸ್ಥಿತಿಯನ್ನೇ ಟೈಪಿನೊಳಗೆ ಬರೆಯಬಹುದು. ‘ತುಂಬಿದ ತೂಕವಾದ ಗಾಡಿ’ ಒಂದು ಟೈಪ್, ‘ಎರಡೂ ತೂಕವಾದ ಗಾಡಿ’ ಇನ್ನೊಂದು ಟೈಪ್. ಬಿಲ್ ಮಾಡುವ ಫಂಕ್ಷನ್ ಎರಡನೆಯದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಮೊದಲನೆಯದನ್ನು ಕೊಟ್ಟು ಬಿಲ್ ಮಾಡಿಸುವ ಕೋಡ್ ಕಂಪೈಲೇ ಆಗುವುದಿಲ್ಲ. ಪರೀಕ್ಷೆ ನಡೆಸಿ ತಪ್ಪು ಹಿಡಿಯುವುದಕ್ಕಿಂತ ತಪ್ಪನ್ನು ಬರೆಯಲಿಕ್ಕೇ ಆಗದಂತೆ ಮಾಡುವುದು ಮೇಲು. ನನ್ನ ದೃಷ್ಟಿಯಲ್ಲಿ ಈ ಭಾಷೆ ಕೊಟ್ಟ ಅತಿ ದೊಡ್ಡ ಪಾಠ ಇದೇ.

ತಪ್ಪನ್ನು ತರ್ಕದಿಂದ ಹಿಡಿಯುವ ಇನ್ನೊಂದು ಪರಂಪರೆಯನ್ನು ನೋಡಲು ಈಗ ಮುಂಡಗೋಡಕ್ಕೆ ಬರೋಣ. 1966ರಲ್ಲಿ ಶುರುವಾದ ಅಲ್ಲಿನ ಟಿಬೆಟನ್ ವಸತಿ ಪ್ರದೇಶದಲ್ಲಿ ದ್ರೆಪುಂಗ್ ಮತ್ತು ಗಾಂದೆನ್ ಮಠಗಳಿವೆ. ಲೋಸೆಲಿಂಗ್, ಗೋಮಾಂಗ್, ಜಾಂಗ್‌ತ್ಸೆ, ಶಾರ್‌ತ್ಸೆ ಎಂಬ ಮಹಾವಿದ್ಯಾಲಯಗಳ ಅಂಗಳಗಳಲ್ಲಿ ಭಿಕ್ಷುಗಳು ತರ್ಕ ನಡೆಸುವುದನ್ನು ಪ್ರವಾಸಿಗರು ನಿಂತು ನೋಡುತ್ತಾರೆ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ಕೂತಿರುತ್ತಾನೆ. ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಅಂಗೈಗೆ ಅಂಗೈ ಬಡಿಯುವ ಸದ್ದು ದೂರಕ್ಕೆ ಕೇಳುತ್ತದೆ. ಕೈತಟ್ಟುವುದರ ಫೋಟೊ ತೆಗೆದು ಹೋಗುವವರೇ ಹೆಚ್ಚು. ಒಳಗಿನ ನಿಯಮ ಇನ್ನೂ ಸೊಗಸಾದದ್ದು. ಕೂತವನು ಮನಬಂದಂತೆ ಮಾತಾಡುವಂತಿಲ್ಲ. ‘ಒಪ್ಪಿದೆ’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’, ‘ಯಾಕೆ?’ ಎಂಬ ಕೆಲವೇ ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳು ಕಟ್ಟಿದ, ನಾಲಂದದ ಕಡೆಯಿಂದ ಟಿಬೆಟಿಗೆ ಹೋದ ಪ್ರಮಾಣಶಾಸ್ತ್ರ ಇದು. ಹೇತು (ಕಾರಣ), ವ್ಯಾಪ್ತಿ (ಕಾರಣವಿದ್ದಲ್ಲೆಲ್ಲ ಫಲಿತವೂ ಇರುವುದು) ಎಂಬುದೆಲ್ಲ ನಮಗೂ ಪರಿಚಿತವೇ.

ಬಾಲಭಿಕ್ಷುಗಳು ಕಲಿಯುವ ಮೊದಲ ಪಾಠ ಬಣ್ಣದ್ದು. ಬಣ್ಣವಾಗಿರುವುದೆಲ್ಲ ಕೆಂಪೇ ಎಂದು ಕೂತವನು ಒಪ್ಪಿಕೊಂಡ ಎನ್ನೋಣ. ನಿಂತವನು ಒಡನೆಯೇ ಬಿಳಿ ಶಂಖದ ಬಣ್ಣವನ್ನು ಎದುರಿಗಿಡುತ್ತಾನೆ. ಅದು ಬಣ್ಣ ಹೌದು ತಾನೆ? ಹಾಗಾದರೆ ಅದು ಕೆಂಪಾಗಬೇಕಾಯಿತಲ್ಲ? ಕೂತವನಿಗೆ ದಾರಿಯಿಲ್ಲ. ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ‘ನಿನ್ನ ಮಾತು ತಪ್ಪು’ ಎಂದಷ್ಟೇ ಹೇಳಿ ಬಿಡುವುದಿಲ್ಲ, ಆ ಮಾತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಒಂದು ವಸ್ತುವನ್ನೇ ತೋರಿಸುತ್ತಾರೆ.

ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ಮಾಡುವುದೂ ಇದನ್ನೇ. ಬುಕಿಂಗ್ ಎಂಬ ಟೈಪಿಗೆ ಮೂರೇ ರೂಪಗಳಿವೆ ಎಂದು ಬರೆದಿದ್ದೀರಿ: ಖಾತ್ರಿಯಾದದ್ದು, ಕಾಯುತ್ತಿರುವುದು, ರದ್ದಾದದ್ದು. ಹಣ ವಾಪಸು ಮಾಡುವ ಫಂಕ್ಷನ್‌ನಲ್ಲಿ ಮೊದಲೆರಡಕ್ಕೆ ಮಾತ್ರ ದಾರಿ ತೋರಿಸಿ ಮೂರನೆಯದನ್ನು ಬಿಟ್ಟಿದ್ದೀರಿ. ಎಚ್ಚರಿಕೆಗಳನ್ನು ತೋರಿಸು ಎಂದು ಕೇಳಿಕೊಂಡಿದ್ದರೆ ಕಂಪೈಲರ್ ‘ರದ್ದಾದದ್ದು’ ಎಂಬ ರೂಪವನ್ನು ಹೆಸರು ಹಿಡಿದು ಎದುರಿಗಿಡುತ್ತದೆ. ಬಿಳಿ ಶಂಖ ಬಂದಂತೆಯೇ. ಒಂದರೊಳಗೊಂದು ಸೇರಿದ ನಾಲ್ಕಾರು ಟೈಪುಗಳಿದ್ದರೂ ಬಿಟ್ಟುಹೋದ ಮೂಲೆಯನ್ನು ಹುಡುಕಿ ತರುತ್ತದೆ. ಜಿಎಡಿಟಿ ಬಳಸಿದ್ದರೆ ಯಾವ ರೂಪ ಬರಲು ಸಾಧ್ಯವೇ ಇಲ್ಲ ಎಂಬುದನ್ನೂ ತರ್ಕಿಸಿ, ಅದನ್ನು ಬಿಟ್ಟದ್ದಕ್ಕೆ ದೂರುವುದಿಲ್ಲ. ಈ ತರ್ಕವನ್ನು ಇನ್ನಷ್ಟು ಗಟ್ಟಿಮಾಡಿದ ಹೊಸ ಕ್ರಮವೊಂದನ್ನು ಸೆಬಾಸ್ಟಿಯನ್ ಗ್ರಾಫ್, ಪೇಟನ್ ಜೋನ್ಸ್ ಮತ್ತು ರಯಾನ್ ಸ್ಕಾಟ್ 2020ರಲ್ಲಿ ಪ್ರಕಟಿಸಿದರು.

ಇದು ಕೇವಲ ಹೋಲಿಕೆಯಾಗಿ ಉಳಿಯುವುದಿಲ್ಲ. ಕರಿ ಮತ್ತು ವಿಲಿಯಂ ಹೊವರ್ಡ್ ಕಂಡುಕೊಂಡ ಸಂಬಂಧದ ಪ್ರಕಾರ ಟೈಪ್ ಎಂದರೆ ಪ್ರತಿಜ್ಞೆ (ಸಾಧಿಸಬೇಕಾದ ಹೇಳಿಕೆ), ಅದಕ್ಕೆ ಹೊಂದುವ ಪ್ರೋಗ್ರಾಂ ಎಂದರೆ ಅದರ ಸಾಧನೆ. ಹೊವರ್ಡ್ ಇದನ್ನು 1969ರಲ್ಲಿ ಬರೆದಿಟ್ಟರು, ಅಚ್ಚಾದದ್ದು 1980ರಲ್ಲಿ. ಟೈಪ್ ತಪಾಸಣೆ ಎಂದರೆ ಸಾಧನೆಯ ತಪಾಸಣೆ. ಎಂದೂ ಮುಗಿಯದ ಲೆಕ್ಕಕ್ಕೆ ಹ್ಯಾಸ್ಕೆಲ್ ಅವಕಾಶ ಕೊಡುವುದರಿಂದ ಅದರಲ್ಲಿ ಈ ಸಾಧನೆ ಪೂರ್ತಿ ನಂಬುವಂಥದ್ದಲ್ಲ. ಅಗ್ಡಾ, ಲೀನ್‌ನಂಥ ಭಾಷೆಗಳು ಆ ಬಾಗಿಲನ್ನೂ ಮುಚ್ಚಿವೆ, ಗಣಿತಜ್ಞರು ಇಂದು ಲೀನ್‌ನಲ್ಲಿ ಪ್ರಮೇಯಗಳನ್ನೇ ಬರೆದು ತಪಾಸಣೆ ಮಾಡಿಸುತ್ತಿದ್ದಾರೆ. ಮಠದ ಅಂಗಳಕ್ಕೂ ವಿಜ್ಞಾನ ಆಗಲೇ ಬಂದಿದೆ: 2013ರ ಜನವರಿಯಲ್ಲಿ ಮುಂಡಗೋಡದ ದ್ರೆಪುಂಗ್‌ನಲ್ಲಿ ದಲೈ ಲಾಮಾ ಮತ್ತು ವಿಜ್ಞಾನಿಗಳ ನಡುವೆ ‘ಮೈಂಡ್ ಅಂಡ್ ಲೈಫ್’ ಸಂವಾದ ನಡೆಯಿತು. ಅಲ್ಲಿನ ಭಿಕ್ಷುಗಳು ಈಗ ಭೌತಶಾಸ್ತ್ರ, ಜೀವಶಾಸ್ತ್ರ ಓದುತ್ತಿದ್ದಾರೆ. ಅಲ್ಲಿಂದ ಹಳಿಯಾಳದ ಎಂಜಿನಿಯರಿಂಗ್ ಕಾಲೇಜು ದೂರವೇನಲ್ಲ. ಒಂದು ಕಡೆ ತರ್ಕದ ಸಾಧನೆ ಇದೆ, ಇನ್ನೊಂದು ಕಡೆ ಕಂಪ್ಯೂಟರ್ ಇದೆ. ಇಬ್ಬರೂ ಒಂದು ದಿನ ಒಟ್ಟಿಗೆ ಕೂತು ಟೈಪುಗಳ ಬಗ್ಗೆ ಮಾತಾಡಿದರೆ ಇಬ್ಬರಿಗೂ ಕಲಿಯುವುದಿದೆ ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಕಷ್ಟಗಳನ್ನೂ ಹೇಳಲೇಬೇಕು. ಹ್ಯಾಸ್ಕೆಲ್ ಸೋಮಾರಿ ಭಾಷೆ, ಬೇಕಾಗುವವರೆಗೆ ಯಾವ ಲೆಕ್ಕವನ್ನೂ ಮಾಡುವುದಿಲ್ಲ. ಕೊನೆಯಿಲ್ಲದ ಪಟ್ಟಿ ಬರೆದು ಅದರಿಂದ ಮೊದಲ ಹತ್ತನ್ನು ಎತ್ತಿಕೊಳ್ಳಬಹುದು ಎನ್ನುವುದು ಇದರ ಚಂದ. ಮಾಡದೆ ಉಳಿದ ಲೆಕ್ಕಗಳು ಮೆಮೊರಿಯಲ್ಲಿ ರಾಶಿ ಬಿದ್ದು ಪ್ರೋಗ್ರಾಂ ಏದುಸಿರು ಬಿಡುವುದು ಇದರ ಕಾಟ. ಅಂಥ ಸೋರಿಕೆ ಹುಡುಕುವುದು ಅನುಭವಸ್ಥರಿಗೂ ಸುಲಭವಲ್ಲ. ಮುಂದುವರಿದ ಟೈಪುಗಳನ್ನು ಬಳಸಿದಷ್ಟೂ ದೋಷದ ಸಂದೇಶಗಳು ಉದ್ದವಾಗುತ್ತವೆ, ದೊಡ್ಡ ಪ್ರಾಜೆಕ್ಟ್‌ಗಳು ಕಂಪೈಲ್ ಆಗಲು ತಡವಾಗುತ್ತದೆ. ಮೊನಾಡುಗಳನ್ನು ಒಂದರ ಮೇಲೊಂದು ಪೇರಿಸುವ ತಾಪತ್ರಯ ಬೇಡವೆನ್ನುವವರಿಗೆ ಒಕ್ಯಾಮಲ್ ಇದೆ. 2022ರ ಡಿಸೆಂಬರ್‌ನಲ್ಲಿ ಬಂದ ಅದರ 5.0 ಆವೃತ್ತಿಯಲ್ಲಿ ಎಫೆಕ್ಟ್ ಹ್ಯಾಂಡ್ಲರ್ ಎಂಬ ಸೌಲಭ್ಯ ಸೇರಿತು: ಪ್ರೋಗ್ರಾಂ ನಡುವೆ ನಿಂತು ‘ಈ ಕೆಲಸ ಯಾರಾದರೂ ಮಾಡಿಕೊಡಿ’ ಎನ್ನುತ್ತದೆ, ಹೊರಗಿನ ಹ್ಯಾಂಡ್ಲರ್ ಅದನ್ನು ಮುಗಿಸಿ, ನಿಂತಲ್ಲಿಂದಲೇ ಮುಂದುವರಿಸುತ್ತದೆ. ಒಕ್ಯಾಮಲ್‌ಗೆ ಇದನ್ನೂ ಬಹುಕೋರ್ ಬೆಂಬಲವನ್ನೂ ತಂದ ಕೆಲಸದ ಮುಂಚೂಣಿಯಲ್ಲಿದ್ದವರು ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್.

ಕನ್ನಡದಂಥ ಲಿಪಿಯವರಿಗೆ ತಟ್ಟುವ ಕಷ್ಟವೂ ಒಂದಿದೆ. ಹ್ಯಾಸ್ಕೆಲ್‌ನಲ್ಲಿ ಟೈಪಿನ ಹೆಸರು ದೊಡ್ಡಕ್ಷರದಿಂದಲೇ ಶುರುವಾಗಬೇಕು, ಇದು ಭಾಷೆಯ ವ್ಯಾಕರಣದ ನಿಯಮ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಕಂಪೈಲರ್ ನಮ್ಮ ಅಕ್ಷರಗಳನ್ನೆಲ್ಲ ಸಣ್ಣಕ್ಷರದ ಸಾಲಿಗೆ ಸೇರಿಸುತ್ತದೆ. ಹೀಗಾಗಿ ‘ಹಣ’ ಎಂಬ ಹೆಸರಿನಲ್ಲಿ ಒಂದು ಮೌಲ್ಯವನ್ನು ಇಡಬಹುದು, ‘ಹಣ’ ಎಂಬ ಟೈಪನ್ನು ಮಾಡಲಾಗದು. ಹೆಸರಿನ ಆರಂಭಕ್ಕೆ ಒಂದು ಇಂಗ್ಲಿಷ್ ದೊಡ್ಡಕ್ಷರ ಅಂಟಿಸಿಕೊಳ್ಳಬೇಕು. ಟೈಪುಗಳೇ ಜೀವಾಳವಾದ ಭಾಷೆಯಲ್ಲಿ ಇದು ಸಣ್ಣ ಕೊರತೆಯಲ್ಲ. ಜಿಎಚ್‌ಸಿಯ ಬದಲಾವಣೆಗಳು ಬಹಿರಂಗ ಚರ್ಚೆಯಲ್ಲೇ ತೀರ್ಮಾನವಾಗುತ್ತವೆ, ಯಾರು ಬೇಕಾದರೂ ಪ್ರಸ್ತಾವ ಇಡಬಹುದು. ಕನ್ನಡ ಬಲ್ಲ ಪ್ರೋಗ್ರಾಮರ್‌ಗಳು ಅಲ್ಲಿಗೆ ಹೋಗಿ ದನಿ ಎತ್ತಬೇಕು.

ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜು 2004ರಿಂದ ಇದೆ. ದಾಂಡೇಲಿಯ ಬಂಗೂರನಗರದಲ್ಲಿ, ಮುಂಡಗೋಡದಲ್ಲಿ ಪದವಿ ಕಾಲೇಜುಗಳಿವೆ. ಜಾವಾ, ಪೈಥಾನ್ ಎಲ್ಲ ಕಡೆಯೂ ಕಲಿಸುತ್ತಾರೆ, ಕಲಿಸಲಿ. ಅದರ ಜೊತೆ ವಾರಕ್ಕೆ ಒಂದೆರಡು ತಾಸು ಹ್ಯಾಸ್ಕೆಲ್‌ಗೆ ಕೊಡಿ ಎಂದು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ಪಠ್ಯಕ್ರಮ ಬದಲಾಗುವುದನ್ನು ಕಾಯಬೇಕಿಲ್ಲ, ಸಂಜೆಯ ಓದುಬಳಗ ಸಾಕು. ದುಬಾರಿ ಯಂತ್ರ ಬೇಡ, ಲೈಸೆನ್ಸಿಗೆ ಹಣ ಬೇಡ. ಜೋಯಿಡಾದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ಆದರೆ ಕಂಪೈಲರನ್ನೂ ಅದರ ಕೈಪಿಡಿಯನ್ನೂ ಪೇಟೆಯಲ್ಲಿ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಕಲಿಯಬಹುದು. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಂದ ಶುರುಮಾಡಿ.